ಗಂಟು ಕರಗಿದ ಮೇಲೆ

ಚರ್ಮರೋಗದ ಓದಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಕುದಿಸಿದ ಸಿರಿಂಜಿನ ಕತೆ, ಬಯಾಪ್ಸಿ ಬಾಟಲಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಬಳ್ಳಾರಿಗೆ ಕಳಿಸುತ್ತಿದ್ದ ಕತೆ ಹೇಳಿ, ಚಹಾ ಕೊಟ್ಟು ಕಳಿಸುತ್ತೇನೆ. ಹೇಳಬೇಕಾದದ್ದನ್ನು ಇದುವರೆಗೆ ಹೇಳಿಲ್ಲ. ಎದುರಿಗೆ ಕೂತವರ ಮುಖ ನೋಡುತ್ತ ಹೇಳಲು ಆಗುವುದಿಲ್ಲ. ಬರೆದರೆ ಆದೀತೇನೋ ಎಂದು ಈಗ ಕೂತಿದ್ದೇನೆ.

ನಾನು ಹೊಸಪೇಟೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಬೋರ್ಡು ಹಾಕಿದೆ. ಮೊದಲ ತಿಂಗಳು ಬಂದವರೆಲ್ಲ ಬಸುರಿಯರು. ಹೆಣ್ಣು ಡಾಕ್ಟರು ಎಂದರೆ ಹೆರಿಗೆ ಮಾಡಿಸುವವಳು ಎಂದೇ ಊರಿನ ಲೆಕ್ಕ. "ನಾನು ಚರ್ಮದ ಡಾಕ್ಟರು" ಎಂದರೆ ಅವರು ಗಾಬರಿಯಾಗಿ ಎದ್ದು ಹೋಗುತ್ತಿದ್ದರು, ಏಕೆಂದರೆ ಚರ್ಮದ ಡಾಕ್ಟರು ಎಂದರೆ ಕುಷ್ಠದ ಡಾಕ್ಟರು. ನಿಜವಾಗಿ ನನ್ನ ಹತ್ತಿರ ಬರಬೇಕಾದವರು ಸೆರಗಿನಿಂದ, ಟವೆಲಿನಿಂದ ಮುಖ ಮುಚ್ಚಿಕೊಂಡು, ಅತ್ತಿತ್ತ ನೋಡಿ ಒಳಗೆ ಬರುತ್ತಿದ್ದರು. ಅವರನ್ನು ಬಾಗಿಲಲ್ಲಿ ಎದುರುಗೊಂಡು ಬೆಂಚಿನ ಮೇಲೆ ಕೂಡಿಸುತ್ತಿದ್ದವಳು ಖಾಜಾಬಿ, ನನ್ನ ಆಯಾ. ಓದು ಬರಹ ಬಾರದಿದ್ದರೂ ಬಂದವರ ನಡಿಗೆ ನೋಡಿಯೇ ಅರ್ಧ ರೋಗ ಹೇಳುತ್ತಿದ್ದಳು.

ಕಾಲುವೆಯ ನೀರು ಬಂದು ಆಗಲೇ ವರ್ಷಗಳಾಗಿದ್ದವು. ಕಂಪ್ಲಿ, ಕಮಲಾಪುರದ ಕಡೆ ವರ್ಷಕ್ಕೆ ಎರಡು ಬೆಳೆ ಭತ್ತ, ಅದರಾಚೆ ಕಬ್ಬು, ಬಾಳೆ. ಜನರ ಕೈಯಲ್ಲಿ ದುಡ್ಡು ಆಡುತ್ತಿತ್ತು. ಹೊಸ ಸೀರೆ, ಹೊಸ ಸೈಕಲ್ಲು, ಹೊಸ ಓಲೆ. ಅವುಗಳ ಜೊತೆಗೇ ಕೆಸರಿನಲ್ಲಿ ನಿಂತು ಬೆರಳ ಸಂದು ಕೊಳೆತ ಕಾಲುಗಳು, ಕಬ್ಬಿನ ಗರಿಯ ಮುಳ್ಳಿನಂಥ ಸುಂಕು ತಾಗಿ ದದ್ದೆದ್ದ ಕೈಗಳು, ಸಂಡೂರಿನ ಗಣಿಯ ಕೆಂಪು ಧೂಳು ಕೂತ ಕತ್ತುಗಳು. ನನ್ನ ದಿನಗಳೆಲ್ಲ ಇದರಲ್ಲೇ ಹೋಗುತ್ತಿದ್ದವು.

ಇಂಥ ಸಾವಿರ ಜನರ ನಡುವೆ ಎಲ್ಲೋ ಒಬ್ಬರು ಮೈಮೇಲೆ ಗಂಟು ಎದ್ದು ಬರುತ್ತಿದ್ದರು. ಬಿಳಿರಕ್ತಕಣಗಳ ಒಂದು ಬಗೆಯ ಕ್ಯಾನ್ಸರಿಗೆ ಲಿಂಫೋಮಾ ಎನ್ನುತ್ತೇವೆ. ಅದು ಚರ್ಮದಲ್ಲೂ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಹುಳ ಕಚ್ಚಿದ್ದರಿಂದ, ಓಲೆಗೆ ಕಿವಿ ಚುಚ್ಚಿಸಿದ್ದರಿಂದ, ಯಾವುದೋ ಔಷಧ ಮೈಗೆ ಒಗ್ಗದ್ದರಿಂದಲೂ ಅದೇ ಬಣ್ಣದ, ಅದೇ ಗಾತ್ರದ ಗಂಟು ಏಳುವುದುಂಟು. ತುಂಡು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಥೇಟ್ ಕ್ಯಾನ್ಸರಿನ ಹಾಗೆಯೇ ಕಾಣುತ್ತದೆ. ಅದು ಕ್ಯಾನ್ಸರ್ ಅಲ್ಲ. ಕಾರಣ ತೆಗೆದರೆ ಕರಗಿ ಹೋಗುತ್ತದೆ. ಕಾರಣ ಏನೆಂದು ತಿಳಿಯುವುದೇ ಕಷ್ಟ.

ಹಾಗೆ ಮೊದಲು ಬಂದವನು ದೋಣಿಮಲೈ ಗಣಿಯಲ್ಲಿ ಅದಿರು ತುಂಬುವ ಯಂತ್ರ ನಡೆಸುತ್ತಿದ್ದ ಒಬ್ಬ ಗಟ್ಟಿ ಆಳು. ಕಂಕುಳು, ಸೊಂಟ, ತೊಡೆಸಂದಿಯಲ್ಲಿ ಹತ್ತಾರು ಕಂದು ಗಂಟುಗಳು. ಯಾರೋ ವೈದ್ಯರು "ಇದು ದೊಡ್ಡ ರೋಗ ಇರಬಹುದು" ಎಂದಿದ್ದರಂತೆ. ಆತ ಹೆಂಡತಿಯನ್ನು ಕೂಡಿಸಿಕೊಂಡು, ತನ್ನ ನಂತರ ಮಕ್ಕಳನ್ನು ಯಾರ ಮನೆಯಲ್ಲಿ ಬಿಡಬೇಕು ಎಂಬುದನ್ನೂ ಮಾತಾಡಿ ಬಂದಿದ್ದ.

"ಮನಿಯಾಗ ಮತ್ಯಾರಿಗರ ತುರಿಕಿ ಐತೇನ್ರಿ?" ಎಂದು ಕೇಳಿದೆ.

"ಎಲ್ರಿಗೂ ಐತ್ರಿ. ಕೂಸಿಗೂ ಐತಿ. ಆ ಮಾತು ಈಗ್ಯಾಕ್ರಿ ಅಮ್ಮಾರ, ನಾ ಸಾಯಾಕ ಹತ್ತೀನಿ."

ಕಜ್ಜಿ. ಹುಳ ಸತ್ತರೂ ಕೆಲವರಿಗೆ ಅದರ ಗಂಟು ತಿಂಗಳುಗಟ್ಟಲೆ ಉಳಿಯುತ್ತದೆ. ಇಡೀ ಮನೆಗೆ ಮುಲಾಮು ಕೊಟ್ಟೆ. "ನಿಮಗ ಆಗಿದ್ದು ಕಜ್ಜಿ, ಮತ್ತೇನಲ್ಲ" ಎಂದಾಗ ಆ ಮನುಷ್ಯ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಕಜ್ಜಿ ಎಂದದ್ದಕ್ಕೆ ಒಬ್ಬರು ಖುಷಿಯಿಂದ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಗಂಟನ್ನು ನೋಡುವ ಮುಂಚೆ ಮನುಷ್ಯರನ್ನು ಕೇಳಬೇಕು ಎಂಬ ಪಾಠ ಅಂದೇ ಕಲಿತೆ ಎಂದುಕೊಂಡೆ. ಕೇಳಿದರೆ ಸಾಲದು, ಯಾರ ಮುಂದೆ ಕೇಳುತ್ತೇವೆ ಎಂಬುದೂ ಇದೆ ಎಂದು ತಿಳಿದಿರಲಿಲ್ಲ.

ಮಲ್ಲಮ್ಮ ಬಂದದ್ದು ಅದಾದ ಕೆಲವು ವರ್ಷಗಳಿಗೆ. ಇಪ್ಪತ್ತೆರಡು ವರ್ಷವಿದ್ದೀತು. ಹೊಳೆಯಾಚೆ ಗಂಗಾವತಿ ಕಡೆಯ ಹಳ್ಳಿ ತವರು, ಕಂಪ್ಲಿ ಗಂಡನ ಮನೆ. ಮದುವೆಯಾಗಿ ಎರಡು ವರ್ಷ. ಗಂಡ ಪಂಪಾಪತಿ ಕಾಲುವೆಯ ಕೆಳಗಿನ ಗದ್ದೆಯಲ್ಲಿ ಭತ್ತ ಬೆಳೆಯುತ್ತಿದ್ದ, ಮಾತು ಕಡಿಮೆ. ಅತ್ತೆ ಬಸಮ್ಮನದು ಮೂವರ ಮಾತನ್ನೂ ತಾನೇ ಆಡುವ ಸ್ವಭಾವ. ಮಲ್ಲಮ್ಮನ ಕೆನ್ನೆ, ಹಣೆ, ಕತ್ತು, ತೋಳುಗಳ ಮೇಲೆ ಹುಣಸೆಬೀಜದಿಂದ ನೆಲ್ಲಿಕಾಯಿಯಷ್ಟು ದಪ್ಪದ ಕೆಂಪು ಗಂಟುಗಳು. ಕತ್ತಿನ ಎರಡೂ ಕಡೆ ಗ್ರಂಥಿಗಳು ಊದಿದ್ದವು. ಬಿಟ್ಟು ಬಿಟ್ಟು ಜ್ವರ.

"ಎಷ್ಟ ದಿನ ಆತವ್ವ?"

"ಮೂರು ತಿಂಗಳಾತ್ರಿ" ಎಂದಳು ಬಸಮ್ಮ.

"ಏನರ ಗುಳಿಗಿ ತಗೊಂತಿಯೇನು?"

ಮಲ್ಲಮ್ಮ ಅತ್ತೆಯ ಕಡೆ ಒಮ್ಮೆ ನೋಡಿದಳು, ನಂತರ ನೆಲ ನೋಡಿದಳು. "ಇಲ್ರಿ."

"ನಮ್ಮ ಮನಿಯಾಗ ಯಾರೂ ಗುಳಿಗಿ ನುಂಗೂದಿಲ್ರಿ. ಗಟ್ಟಿ ಮಂದಿ" ಎಂದಳು ಬಸಮ್ಮ.

ಆ ಒಂದು ನೋಟವನ್ನು ನಾನು ಕಂಡೆ. ಕಂಡೂ ಮುಂದಕ್ಕೆ ಹೋದೆ. ಹೊರಗೆ ಬೆಂಚು ತುಂಬಿತ್ತು. ತೋಳಿನ ಗಂಟೊಂದರಿಂದ ತುಂಡು ತೆಗೆದು ಬಾಟಲಿಗೆ ಹಾಕಿದೆ. ಜೊತೆಗೆ ಕಳಿಸುವ ಫಾರಂನಲ್ಲಿ "ಸೇವಿಸುತ್ತಿರುವ ಔಷಧ" ಎಂಬ ಸಾಲಿನ ಮುಂದೆ "ಇಲ್ಲ" ಎಂದು ಬರೆದೆ.

ಬಳ್ಳಾರಿಯಲ್ಲಿ ಸ್ಲೈಡ್ ನೋಡುತ್ತಿದ್ದವರು ನನಗೆ ಪಾಠ ಹೇಳಿದ್ದ ಮೇಷ್ಟ್ರು. ನಿವೃತ್ತರಾಗಿ ಮನೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದರು. ಹತ್ತು ದಿನಕ್ಕೆ ಅವರ ಚೀಟಿ ಬಂತು. ಲಿಂಫೋಮಾ, ತಡಮಾಡದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿರಿ.

ಮೂವರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದೆ. ಆಗ ನಾವು ಹಾಗೆಯೇ ಹೇಳುತ್ತಿದ್ದೆವು, ಇಲ್ಲವೇ ರೋಗಿಯನ್ನು ಹೊರಗೆ ಕಳಿಸಿ ಉಳಿದವರಿಗೆ ಹೇಳುತ್ತಿದ್ದೆವು. ಬಸಮ್ಮ ಕುರ್ಚಿ ಬಿಟ್ಟು ನೆಲಕ್ಕೆ ಕುಸಿದು ಕೂತಳು. ಪಂಪಾಪತಿ, "ಆಕಿ ಮುಂದ ಹೇಳಬಾರದಿತ್ರಿ ಅಮ್ಮಾರ" ಎಂದ. ಮಲ್ಲಮ್ಮ ಅಳಲಿಲ್ಲ.

"ಬೆಂಗಳೂರಾಗ ಎಷ್ಟ ದಿನ ಇರಬೇಕಾಗತೈತ್ರಿ?" ಎಂದಳು.

"ತಿಂಗಳು, ಎರಡು ತಿಂಗಳು."

"ನನ್ನ ಜೊತಿ ಯಾರಿರತಾರ?"

"ನಾ ಇರ್ತೀನಿ. ಹಗಲು ರಾತ್ರಿ ನಿನ್ನ ಹತ್ರನ ಇರ್ತೀನಿ" ಎಂದ ಪಂಪಾಪತಿ. ಆ ಮಾತಿಗೆ ಅವಳ ಮುಖ ಇನ್ನಷ್ಟು ಬಿಳಿಚಿತು. ನನಗೆ ಅರ್ಥವಾಗಲಿಲ್ಲ.

ಐದಾರು ದಿನದ ಮೇಲೆ ಅವಳು ಒಬ್ಬಳೇ ಬಂದಳು. ತವರಿಗೆ ಹೋಗಿ ತಾಯಿಯ ಮುಖ ನೋಡಿ ಬರುತ್ತೇನೆಂದು ಹೇಳಿ, ಗಂಗಾವತಿಯ ಬಸ್ಸು ಬಿಟ್ಟು ಹೊಸಪೇಟೆಯ ಬಸ್ಸು ಹತ್ತಿದ್ದಳು. ಖಾಜಾಬಿ ಅವಳನ್ನು ಸಾಲು ತಪ್ಪಿಸಿ ಒಳಗೆ ಕರೆತಂದು ಬಾಗಿಲು ಮುಂದೆ ಮಾಡಿದಳು. ಮಲ್ಲಮ್ಮ ಸೊಂಟದ ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ ಬಿಳಿ ಗುಳಿಗೆಗಳನ್ನು ಮೇಜಿನ ಮೇಲಿಟ್ಟಳು.

"ಇವನ್ನ ಈಗ ಬಿಟ್ರ ನಡೀತೈತೇನ್ರಿ? ಹೆಂಗಿದ್ರೂ ಸಾಯಾಕಿ. ಬೆಂಗಳೂರಾಗ ಅವರು ಹಗಲಾರಾತ್ರಿ ಹತ್ರ ಇರ್ತಾರಂತ. ಇವು ಕಣ್ಣಿಗೆ ಬೀಳತಾವು. ಬಿಟ್ರ ಅಲ್ಲೇ ಬಂದುಬಿಡತೈತೇನೋ ಅಂತ ಹೆದರಿಕಿ."

"ಏನು ಬಂದುಬಿಡತೈತಿ?"

"ಫಿಟ್ಸ್ ರಿ."

ಹನ್ನೆರಡನೆಯ ವಯಸ್ಸಿನಲ್ಲಿ ಒಮ್ಮೆ, ಹದಿನೆಂಟಕ್ಕೆ ಒಮ್ಮೆ ಬಂದಿತ್ತಂತೆ. ಮುಚ್ಚಿಟ್ಟು ಮದುವೆ ಮಾಡಿದ್ದರು. ಮದುವೆಯಾದ ಮೇಲೆ ಒಂದು ಬೆಳಗ್ಗೆ ದನದ ಕೊಟ್ಟಿಗೆಯಲ್ಲಿ ಬಂತು. ಎಚ್ಚರವಾದಾಗ ಸುತ್ತ ಯಾರೂ ಇರಲಿಲ್ಲ. ಅಂದಿನಿಂದ ತಾಯಿ ಹೆದರಿ, ಯಾರೋ ಡಾಕ್ಟರರನ್ನು ಕೇಳಿ ಗುಳಿಗೆ ಶುರು ಮಾಡಿಸಿದ್ದಳು. ಅಣ್ಣ ತಿಂಗಳಿಗೊಮ್ಮೆ ಹೊಳೆ ದಾಟಿ ಬಂದು, ತಂಗಿಯನ್ನು ಮಾತಾಡಿಸುವ ನೆವದಲ್ಲಿ ಕೊಟ್ಟು ಹೋಗುತ್ತಿದ್ದ.

"ಯಾವಾಗಿಂದ ನುಂಗಾಕ ಹತ್ತೀದಿ?"

"ಐದು ತಿಂಗಳಾತ್ರಿ."

ಗಂಟು ಎದ್ದು ಮೂರು ತಿಂಗಳು. ಓದುವಾಗ ಪುಸ್ತಕದಲ್ಲಿ ಕಂಡಿದ್ದ ಒಂದೇ ಒಂದು ಸಾಲು ನೆನಪಿಗೆ ಬಂತು. ಮೂರ್ಛೆರೋಗದ ಈ ಗುಳಿಗೆ ಅಪರೂಪಕ್ಕೆ ಗ್ರಂಥಿಗಳನ್ನು ಊದಿಸಿ, ಚರ್ಮದ ಮೇಲೆ ಲಿಂಫೋಮಾದಂಥದೇ ಗಂಟು ಎಬ್ಬಿಸುತ್ತದೆ ಎಂಬ ಸಾಲು.

"ಮಲ್ಲಮ್ಮ, ನಿನಗ ಕ್ಯಾನ್ಸರ್ ಇರಲಿಕ್ಕಿಲ್ಲ. ಈ ಗುಳಿಗಿಯಿಂದನ ಗಂಟು ಎದ್ದಿರಬೌದು."

ಅವಳು ಸಂತೋಷಪಡುತ್ತಾಳೆ ಎಂದುಕೊಂಡೆ. ಅವಳು, "ಹಂಗಂದ್ರ ಮನ್ಯಾಗ ಏನು ಹೇಳ್ತೀರಿ?" ಎಂದಳು.

"ಗುಳಿಗಿಯಿಂದ ಬಂದೈತಿ ಅಂತ."

"ಯಾತರ ಗುಳಿಗಿ ಅಂತ ಕೇಳ್ತಾರಲ್ರಿ."

ಅವಳು ಕೈ ಜೋಡಿಸಿದಳು.

"ಕ್ಯಾನ್ಸರ್ ಅಂತನ ಇರಲ್ರಿ ಅಮ್ಮಾರ. ಫಿಟ್ಸು ಅನಬ್ಯಾಡ್ರಿ. ಕ್ಯಾನ್ಸರ್ ಅಂದ ಮ್ಯಾಲೆ ನಮ್ಮತ್ತಿ ತಾನ ಕುಂದ್ರಿಸ್ಕೊಂಡು ನನ್ನ ತಲಿ ಬಾಚತಾಳ. ಅವರು ಗದ್ದಿಯಿಂದ ಜಲ್ದಿ ಬರ್ತಾರ. ಫಿಟ್ಸು ಅಂದ್ರ ನಾಳಿಗೆ ತವರಿಗೆ ಕಳಸ್ತಾರ. ಅಲ್ಲಿ ನನ್ನ ತಂಗಿ ಅದಾಳ್ರಿ, ಆಕೀದೂ ಮದುವಿ ಆಗೂದಿಲ್ಲ."

ಅವಳು ಹೋದ ಮೇಲೆ ಖಾಜಾಬಿ ಬಾಗಿಲಲ್ಲಿ ನಿಂತು, "ಅತ್ತಿ ಮುಂದ ಕುಂದ್ರಿಸಿ ಕೇಳಿದ್ರ ಯಾವ ಸೊಸಿ ಬಾಯಿ ಬಿಡ್ತಾಳ್ರಿ ಅಮ್ಮಾ?" ಎಂದಳು. ಓದಿದವಳು ನಾನು. ಅದು ಗೊತ್ತಿದ್ದದ್ದು ಅವಳಿಗೆ.

ಮರುದಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆ. ಮೇಷ್ಟ್ರು ಎಲ್ಲ ಕೇಳಿ, ಸ್ಲೈಡ್ ಹುಡುಕಿ ತೆಗೆದು, ಅರ್ಧ ಗಂಟೆ ಕಣ್ಣಿಟ್ಟು ನೋಡಿದರು.

"ಔಷಧ ಇಲ್ಲ ಅಂತ ಬರೆದವರು ನೀವು" ಎಂದರು.

"ಹೌದು ಸರ್."

"ಈಗಲೂ ನನಗೆ ಇದು ಕ್ಯಾನ್ಸರ್ ಹಾಗೇ ಕಾಣುತ್ತದೆ. ಅಲ್ಲ ಅಂತ ಈ ಗಾಜಿನ ತುಂಡು ಹೇಳೋದಿಲ್ಲ. ಗುಳಿಗೆ ಬದಲಿಸಿ ಆರು ವಾರ ಕಾಯಿರಿ. ಕರಗಿದರೆ ನಾನು ಬರೆದದ್ದು ತಪ್ಪು. ಕರಗದಿದ್ದರೆ ಆರು ವಾರ ಹಾಳು ಮಾಡಿದ ಪಾಪ ಇಬ್ಬರದೂ." ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು, "ಗಂಡನಿಗೆ ಹೇಳಿದಳೇನು?"

"ಇಲ್ಲ. ಹೇಳಬೇಡಿ ಅಂತ ಕೈಮುಗಿದಳು."

"ನೀವು ಹೇಳಬೇಡಿ. ಅವಳ ಕೈಯಿಂದ ಹೇಳಿಸಿ. ಎಷ್ಟು ದಿನ ಮುಚ್ಚಿಡೋದಕ್ಕೆ ಆಗ್ತದೆ?"

ಹೂಂ ಎಂದು ಬಂದೆ. ನರರೋಗದ ಪರಿಚಿತ ವೈದ್ಯರೊಬ್ಬರನ್ನು ಕೇಳಿ, ಹಳೆಯ ಗುಳಿಗೆಯ ಬದಲು ಫಿಟ್ಸಿಗೆ ಬೇರೆಯದನ್ನು ಗೊತ್ತು ಮಾಡಿದೆ. ಪಂಪಾಪತಿಯನ್ನೂ ಬಸಮ್ಮನನ್ನೂ ಕರೆಸಿದೆ. "ಬೆಂಗಳೂರಿಗೆ ಆರು ವಾರ ಬಿಟ್ಟು ಹೋದ್ರಾತು. ಮೊದಲು ಈ ಗುಳಿಗಿ ಕೊಟ್ಟು ನೋಡೂಣು. ಇವು ಗಂಟು ಕರಗಸೂ ಗುಳಿಗಿ" ಎಂದೆ.

ಮಲ್ಲಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟು ಕೃತಜ್ಞತೆಯಿಂದ ನನ್ನ ವೃತ್ತಿಯಲ್ಲಿ ಇನ್ನಾರೂ ನನ್ನನ್ನು ನೋಡಿಲ್ಲ. ಅವಳ ಮಾನವನ್ನೂ ನನ್ನ ಮಾನವನ್ನೂ ಒಂದೇ ಮಾತಿನಲ್ಲಿ ಉಳಿಸಿದೆ ಎಂದು ನನಗೂ ಒಳಗೊಳಗೆ ಹೆಮ್ಮೆಯಾಯಿತು.

ಆ ಆರು ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಪ್ರತಿ ವಾರ ಅವಳು ಬರುತ್ತಿದ್ದಳು. ನಾನು ಸ್ಕೇಲ್ ಹಿಡಿದು ಒಂದೊಂದು ಗಂಟನ್ನೂ ಅಳೆದು ಬರೆಯುತ್ತಿದ್ದೆ. ಮೊದಲ ವಾರ ಏನೂ ಇಲ್ಲ. ಎರಡನೇ ವಾರ ಜ್ವರ ನಿಂತಿತು. ಮೂರನೇ ವಾರ ಹಣೆಯ ಗಂಟು ಮೆತ್ತಗಾಗಿತ್ತು. ಕೈಗೆ ಹಾಗೆ ಅನ್ನಿಸಿದ್ದು ನನ್ನ ಆಸೆಯೇನೋ ಎಂದು ಖಾಜಾಬಿಯನ್ನೂ ಕರೆದು ಮುಟ್ಟಿಸಿದೆ. ಐದನೇ ವಾರಕ್ಕೆ ಕತ್ತಿನ ಗ್ರಂಥಿಗಳು ಇಳಿದವು. ಆರನೇ ವಾರ ಕೆನ್ನೆಯ ಮೇಲೆ ಕಂದು ಕಲೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಬಸಮ್ಮ ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು ಬಂದು, ಬೆಂಚಿನ ಮೇಲೆ ಕೂತವರಿಗೆಲ್ಲ ಹಂಚಿದಳು. "ನಮ್ಮ ಸೊಸಿ ಕ್ಯಾನ್ಸರ್ ಗೆದ್ಲು" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಮೇಷ್ಟ್ರಿಗೆ ಕಾಗದ ಬರೆದೆ. ಅವರು, "ನಾನು ತಪ್ಪಿದ್ದಕ್ಕೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಗಂಡನಿಗೆ ಹೇಳಿದಳೇ?" ಎಂದು ಉತ್ತರ ಬರೆದರು.

ಹೇಳಿರಲಿಲ್ಲ. ಅವಳನ್ನು ಒಬ್ಬಳನ್ನೇ ಕೂಡಿಸಿಕೊಂಡು ಕೇಳಿದಾಗ, "ಹಬ್ಬ ಮುಗೀಲ್ರಿ, ಹೇಳ್ತೀನಿ" ಎಂದಳು. ಮುಂದಿನ ತಿಂಗಳು, "ಸುಗ್ಗಿ ಮುಗೀಲ್ರಿ." ಪಂಪಾಪತಿಗೆ ನಾನು, "ಗಂಟು ಹೋದ್ವು ಅಂತ ಗುಳಿಗಿ ಬಿಡಬ್ಯಾಡ್ರಿ. ಒಂದು ದಿನಾನೂ ತಪ್ಪಸಬಾರದು" ಎಂದು ಹೇಳಿದೆ. ಯಾಕೆಂದು ಹೇಳಲಿಲ್ಲ. ಹೇಳುವಂತಿರಲಿಲ್ಲ. ಮೂರು ತಿಂಗಳು ತಪ್ಪದೆ ಬಂದರು. ನಾಲ್ಕನೇ ತಿಂಗಳು ಬರಲಿಲ್ಲ. ಚರ್ಮದ ಡಾಕ್ಟರಿಗೆ ರೋಗಿ ಬರಲಿಲ್ಲವೆಂದರೆ ವಾಸಿಯಾಯಿತು ಎಂದೇ ಅರ್ಥ. ನಾನೂ ಹಾಗೆಯೇ ಅಂದುಕೊಂಡೆ.

ಒಂದು ಮಧ್ಯಾಹ್ನ ರೋಗಿಗಳು ಮುಗಿಯುವ ಹೊತ್ತಿಗೆ ಪಂಪಾಪತಿ ಒಬ್ಬನೇ ಬಂದ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ಕುಂದ್ರಿ ಎಂದರೂ ಕೂರಲಿಲ್ಲ.

"ಮಲ್ಲಮ್ಮ ಹೋದಳ್ರಿ" ಎಂದ.

ಬಟ್ಟೆ ಒಗೆಯಲು ಕಾಲುವೆಗೆ ಹೋಗಿದ್ದಳಂತೆ. ಪಕ್ಕದಲ್ಲಿ ಒಗೆಯುತ್ತಿದ್ದ ಹೆಂಗಸು ಕಂಡದ್ದು ಇಷ್ಟು: ಮಲ್ಲಮ್ಮ ಕೈಯಲ್ಲಿದ್ದ ಸೀರೆ ಬಿಟ್ಟಳು, ಮೈ ಸೆಟೆಯಿತು, ಮೆಟ್ಟಿಲ ಮೇಲಿಂದ ಮಗುಚಿ ನೀರಿಗೆ ಬಿದ್ದಳು. ಗದ್ದೆಗೆ ನೀರು ಬಿಟ್ಟ ಕಾಲ, ಕಾಲುವೆ ದಂಡೆ ಸವರಿ ಹರಿಯುತ್ತಿತ್ತು. ಆ ಹೆಂಗಸು ಕೂಗಿ ಜನ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಳಗಿನ ತೂಬಿನ ಹತ್ತಿರ ಸಿಕ್ಕಳು.

"ಒಂದು ಕೇಳಬೇಕಿತ್ತು ಅಮ್ಮಾರ, ಅದಕ್ಕ ಬಂದೆ" ಎಂದ ಪಂಪಾಪತಿ. "ಗುಳಿಗಿ ನಾನ ಬಿಡ್ಸಿದ್ದೆ. ನುಂಗಿದಾಗಿಂದ ಜೋಲಿ ಹೊಡೀತಿದ್ಲು. ಒಲಿ ಮುಂದ ಕುಂತಲ್ಲೇ ನಿದ್ದಿ. ಒಂದಿನ ಕೈ ಸುಟ್ಕೊಂಡ್ಲು. ನೋಡಾಕ ಆಗಲಿಲ್ರಿ ನನಗ. ಗಂಟಂತೂ ಹೋಗ್ಯಾವ, ಇನ್ನ ಯಾಕ ಈ ಕಷ್ಟ, ಬಿಟ್ಟುಬಿಡು ಅಂದೆ. ಆಕಿ ಏನೂ ಅನಲಿಲ್ಲ. ಬಿಟ್ಟು ಹತ್ತು ದಿನ ಆಗಿತ್ತು. ಅದಕ್ಕ ತಿರುಗಿ ಬಂತೇನ್ರಿ ಕ್ಯಾನ್ಸರ್? ತಲಿಗೇರಿತ್ತೇನ್ರಿ?"

ಒಂದು ಗಳಿಗೆ, ಹೌದು ಎಂದುಬಿಡೋಣ ಅನ್ನಿಸಿತು. ಹೌದೆಂದರೆ ತಪ್ಪೆಲ್ಲ ಕ್ಯಾನ್ಸರಿನ ಮೇಲೆ ಹೋಗುತ್ತಿತ್ತು. ಅವನ ಮೇಲೂ ಇಲ್ಲ, ನನ್ನ ಮೇಲೂ ಇಲ್ಲ. ಆದರೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಕ್ಯಾನ್ಸರ್ ಎಂದೂ ಇರಲಿಲ್ಲ, ಹಳೆಯ ಗುಳಿಗೆ ಗಂಟು ಎಬ್ಬಿಸಿತ್ತು, ಹೊಸದು ಗಂಟಿನದಲ್ಲ, ಫಿಟ್ಸಿನದು, ಅದನ್ನು ಥಟ್ಟನೆ ಬಿಟ್ಟರೆ ಹೀಗಾಗುತ್ತದೆ ಎಂದೆ. ಗುಟ್ಟು ಇಡಿ ಎಂದವಳು ಅವಳು, ಗುಳಿಗೆಗೆ ಬೇರೆ ಹೆಸರು ಕೊಟ್ಟವಳು ನಾನು ಎಂದೆ.

ಆತ ಗೋಡೆಗೆ ಒರಗಿ ನಿಂತ. ಆಮೇಲೆ, "ಯಾರು ಹೇಳಿದ್ರು ಆಕಿಗೆ, ನಾ ಬಿಡ್ತೀನಂತ?" ಎಂದ.

"ಯಾರೂ ಹೇಳಿಲ್ಲ. ತಾನ ಹೆದರಿದ್ಲು."

"ಆಕಿ ಹೆದರಿದ್ಲು, ಆತು. ನೀವರ ನನ್ನ ಕೇಳಬೌದಿತ್ತಲ್ರಿ, ಎಂಥಾವ ನೀ ಅಂತ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಆತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಖಾಜಾಬಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, ಅಂದು ಬಾಗಿಲು ಹಾಕಿದಳು.

ಮೇಷ್ಟ್ರಿಗೆ ಬರೆಯುವ ಧೈರ್ಯವಾಗದೆ ಹೋಗಿಯೇ ಹೇಳಿದೆ. ಅವರು ಬೈಯಲಿಲ್ಲ. ಮಲ್ಲಮ್ಮನ ಸ್ಲೈಡನ್ನು ತೆಗೆದು, ಅದರ ಚೀಟಿಯ ಮೇಲಿದ್ದ ಲಿಂಫೋಮಾ ಎಂಬುದನ್ನು ಹೊಡೆದು, ಪಕ್ಕದಲ್ಲಿ ಔಷಧದ ಹೆಸರು ಬರೆದರು. "ಮುಂದೆ ಬರುವ ಫಾರಂನಲ್ಲಿ ಔಷಧದ ಸಾಲಿನ ಮುಂದೆ ಬರೀ ಇಲ್ಲ ಅಂತಿದ್ದರೆ ನೋಡದೆ ವಾಪಸ್ಸು ಕಳಿಸ್ತೇನೆ. ನಿಮ್ಮದಿದ್ದರೂ ಸರಿ" ಎಂದರು. ಕಣ್ಣು ಹೋಗುವವರೆಗೂ ಹಾಗೆಯೇ ಮಾಡಿದರು.

ನನ್ನ ತಪ್ಪು ಯಾವುದೆಂದು ವರ್ಷಗಟ್ಟಲೆ ತೂಗಿ ನೋಡಿದ್ದೇನೆ. ಅವಳ ಗುಟ್ಟನ್ನು ಕಾಯ್ದದ್ದು ತಪ್ಪಲ್ಲ. ರೋಗಿಯ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಹೊರಗೆ ಹಾಕಬಾರದು, ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಗುಟ್ಟು ಕಾಯಲು ಸುಳ್ಳು ಬೇಕಿರಲಿಲ್ಲ. "ಇದು ನರದ ಗುಳಿಗೆ, ಬಿಟ್ಟರೆ ಜೀವಕ್ಕೆ ಅಪಾಯ" ಎಂದಿದ್ದರೂ ಸಾಕಿತ್ತು. ಗಂಟಿನ ಗುಳಿಗೆ ಎಂದದ್ದರಿಂದ ಗಂಟು ಹೋದ ದಿನವೇ ಅದರ ಕೆಲಸ ಮುಗಿಯಿತು. ಪಂಪಾಪತಿ ತಿಳಿದದ್ದರಲ್ಲಿ ಏನೂ ತಪ್ಪಿರಲಿಲ್ಲ. ಇನ್ನೂ ಒಂದಿದೆ. ನೀರು, ಬೆಂಕಿ, ಬಾವಿಕಟ್ಟೆಯ ಹತ್ತಿರ ಹೋಗಬೇಡ ಎಂದು ಫಿಟ್ಸಿನವರಿಗೆ ಹೇಳುವ ಮಾತನ್ನು ನಾನು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ನನ್ನ ಕಣ್ಣೆಲ್ಲ ಗಂಟುಗಳ ಮೇಲಿತ್ತು.

ಆಮೇಲೆ ನನ್ನ ರೀತಿ ಬದಲಾಯಿತು. ಬಂದವರು ಯಾರೇ ಆಗಲಿ, ಐದು ನಿಮಿಷ ಒಬ್ಬರನ್ನೇ ಕೂಡಿಸಿಕೊಳ್ಳುತ್ತಿದ್ದೆ. ಅತ್ತೆಯಂದಿರು ಮುನಿಸಿಕೊಂಡರು, ಗಂಡಂದಿರು ಬಾಗಿಲ ಸಂದಿಯಲ್ಲಿ ಇಣುಕಿದರು. ಅವರನ್ನು ಆಚೆ ಕೂಡಿಸುವ ಕೆಲಸ ಖಾಜಾಬಿಯದು. ಗುಳಿಗೆ ಎಂದು ಕೇಳದೆ, ನಾಟಿ ಔಷಧ, ಬೇರು, ಪುಡಿ, ತವರಿನವರು ಕೊಟ್ಟದ್ದು, ಅಂಗಡಿಯವನು ಕೊಟ್ಟದ್ದು ಎಂದು ಒಂದೊಂದಾಗಿ ಕೇಳುತ್ತಿದ್ದೆ. ಸಂಡೂರಿನ ಒಬ್ಬ ಹುಡುಗಿಯ ಎರಡೂ ಕಿವಿಹಾಲೆಗಳಲ್ಲಿ ಗಂಟು ಎದ್ದು, ಸ್ಲೈಡ್ ಅನುಮಾನ ಹೇಳಿದಾಗ, ಮನೆಯವರಿಗೆ ಕ್ಯಾನ್ಸರ್ ಎಂಬ ಪದವನ್ನೇ ಎತ್ತದೆ ಹೊಸ ಓಲೆ ಬಿಚ್ಚಿಸಿ ಕಾದೆ. ತಡವಾಗಿಯಾದರೂ ಗಂಟು ಇಳಿಯಿತು.

ಎಲ್ಲರದೂ ಹಾಗಾಗಲಿಲ್ಲ. ಕಮಲಾಪುರದ ಬಾಳೆತೋಟದ ಹಿರಿಯರೊಬ್ಬರ ಬೆನ್ನಿನ ಗಂಟು ಹುಳದ್ದೇ ಎಂದು ನನಗೂ ಅನ್ನಿಸಿತ್ತು, ಸ್ಲೈಡೂ ಅದನ್ನೇ ಹೇಳಿತ್ತು. ಆದರೂ ಬಿಡದೆ ಮೂರು ತಿಂಗಳಿಗೊಮ್ಮೆ ಕರೆಸುತ್ತಿದ್ದೆ. ಎರಡನೇ ವರ್ಷ ಇನ್ನೊಂದು ತುಂಡು ತೆಗೆದಾಗ ನಿಜವಾದ ಲಿಂಫೋಮಾ ಆಗಿತ್ತು. ಬೇಗ ಸಿಕ್ಕಿದ್ದರಿಂದ ಇನ್ನೂ ಕೆಲವು ವರ್ಷ ಇದ್ದರು. ಈಗ ಜೀವಕೋಶಗಳಿಗೆ ಬಣ್ಣ ಹಚ್ಚಿ ಇದು ಯಾವ ಜಾತಿಯದು ಎಂದು ನೋಡುವ ಪರೀಕ್ಷೆಗಳು ಬಂದಿವೆ. ಒಳ್ಳೆಯದು. ಆದರೆ ಆ ಬಣ್ಣವೂ ಒಮ್ಮೊಮ್ಮೆ ತಡವರಿಸುತ್ತದೆ. ರೋಗಿಯನ್ನು ಮತ್ತೆ ಮತ್ತೆ ನೋಡುವುದನ್ನು ಬಿಡಬೇಡಿ.

ಮಲ್ಲಮ್ಮ ಹೋಗಿ ಎರಡು ವರ್ಷಕ್ಕೆ ಪಂಪಾಪತಿ ಮತ್ತೆ ಬಂದ. ಜೊತೆಗೆ ಸಿರುಗುಪ್ಪದ ಕಡೆಯ ಒಂದು ಹುಡುಗಿ, ಅವಳ ತಾಯಿ. ಆತನಿಗೂ ಆ ಹುಡುಗಿಗೂ ಮದುವೆ ಗೊತ್ತಾಗಿತ್ತು. ಹುಡುಗಿಯನ್ನು ನನ್ನೆದುರಿಗೆ ಕೂಡಿಸಿ ಆತ ನಿಂತೇ ಮಾತಾಡಿದ.

"ಅಮ್ಮಾರ, ನಾವು ಹೊರಗ ಕುಂದ್ರತೀವಿ. ಈಕಿಗೆ ಏನರ ಇದ್ರ ನಿಮ್ಮ ಹತ್ರ ಹೇಳಲಿ. ನನಗ ಹೇಳಬೇಕಂತ ಏನಿಲ್ಲ. ಏನಿದ್ರೂ ನಾ ಬಿಡೂದಿಲ್ಲ ಅನ್ನೂದಷ್ಟು ಈಕಿಗೆ ತಿಳಿಸ್ರಿ. ನಾ ಹೇಳಿದ್ರ ನಂಬತಾಳೋ ಇಲ್ಲೋ."

ಬಾಗಿಲು ಮುಂದಾಯಿತು. ಹುಡುಗಿ ಸೆರಗಿನ ತುದಿ ಹಿಡಿದು ಕೂತಿದ್ದಳು.

"ನನಗ ಯಾವ ಜಡ್ಡೂ ಇಲ್ರಿ. ಇ‌ಲ್ಲಿಗ್ಯಾಕ ಕರಕೊಂಡು ಬಂದಾರೋ ಗೊತ್ತಿಲ್ಲ" ಎಂದಳು.

ಅವಳಿಗೆ ತಿಳಿಯಬೇಕಾದಷ್ಟನ್ನು ಹೇಳಿದೆ. ಹುಡುಗಿ ಅಡ್ಡಬಾಯಿ ಹಾಕದೆ ಕೇಳಿದಳು. ಆಮೇಲೆ ಧೈರ್ಯ ಮಾಡಿ, "ಒಂದು ಮಾತು ಕೇಳ್ಲೇನ್ರಿ? ಮೊದಲಿನಾಕಿ ಹೆಂಗಿದ್ಲು?" ಎಂದಳು.

ಉತ್ತರ ಹೇಳಲು ಬಾಯಿ ತೆರೆದೆ. ಮಲ್ಲಮ್ಮನ ಎಡಗೆನ್ನೆಯ ಗಂಟಿನ ಅಳತೆ, ಯಾವ ವಾರ ಎಷ್ಟು ಇಳಿಯಿತು ಎಂಬುದು ಈಗಲೂ ಬಾಯಿಪಾಠವಿದೆ. ಅವಳಿಗೆ ಏನು ಇಷ್ಟವಿತ್ತು, ಹಾಡು ಬರುತ್ತಿತ್ತೇ, ಯಾವುದಕ್ಕೆ ನಗುತ್ತಿದ್ದಳು, ಒಂದೂ ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲವ್ವ" ಎಂದೆ. "ಅದನ್ನ ನಾ ಕೇಳಲಿಲ್ಲ."

ಹುಡುಗಿ ಎದ್ದು ಹೊರಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ಬೆಂಚಿನ ಹತ್ತಿರ ನಿಂತು ಪಂಪಾಪತಿಯನ್ನು ಏನೋ ಕೇಳಿದ್ದು ಕಂಡಿತು. ಆತ ತಲೆ ಎತ್ತಿ ಅವಳ ಮುಖ ನೋಡಿದ. ಸರಿದು ಜಾಗ ಮಾಡಿದ. ಅವಳು ಕೂತಳು. ಆತ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ನೆಲ ನೋಡುತ್ತ, ಮೆಲ್ಲಗೆ ಹೇಳತೊಡಗಿದ. ಮುಂದಿನವರನ್ನು ಕರೆಯಲು ಹೊರಟ ಖಾಜಾಬಿಯನ್ನು ನಾನು ಕೈಸನ್ನೆ ಮಾಡಿ ತಡೆದೆ.